ಬೊಗಳಿದರೆ ಸಾಲದೇ, ಕಚ್ಚಲೂ ಬೇಕೇ?

ಮನೆ ಕಾಯಲು ದೊಡ್ಡ ಜಾತಿಯ ನಾಯಿ ತರುವುದೋ ಸಣ್ಣದನ್ನು ತರುವುದೋ ಎಂದು ತೀರ್ಮಾನಿಸಲು, ಜೈನ ಗೃಹಸ್ಥರ ನಡತೆ ಹೇಳುವ ಶ್ರಾವಕಾಚಾರದ ಪುಸ್ತಕ ಬಿಡಿಸಿ ಕೂತವಳು ಇಡೀ ಜಿಲ್ಲೆಯಲ್ಲಿ ನೀನೊಬ್ಬಳೇ ಇರಬೇಕು ಎಂದು ನನ್ನ ಮಗ ನಗುತ್ತಾನೆ. ನಗಲಿ. ಅವನು ಪುಣೆಯಲ್ಲಿದ್ದಾನೆ. ನಾನು ಇರುವುದು ಕಾರ್ಕಳ ತಾಲ್ಲೂಕಿನಲ್ಲಿ, ಅಡಿಕೆ ತೋಟದ ನಡುವಿನ ಹಂಚಿನ ಮನೆಯಲ್ಲಿ. ಅವನ ಅಪ್ಪ ಹೋದ ಮೇಲೆ ರಾತ್ರಿ ಈ ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ. ಕೂಗಿದರೆ ಆಚೆ ಮನೆಯವರಿಗೆ ಕೇಳಿಸಬೇಕಾದರೆ ಗಾಳಿಯೂ ಆ ಕಡೆಗೇ ಬೀಸಬೇಕು. ಹೋದ ಬೇಸಗೆಯಲ್ಲಿ ನಮ್ಮ ಆಸುಪಾಸಿನ ಅಂಗಳಗಳಿಂದ ಒಣಗಲು ಹಾಕಿದ್ದ ಅಡಿಕೆ ಗೋಣಿಗಟ್ಟಲೆ ಹೋಯಿತು. ನಮ್ಮಲ್ಲಿ ಹೋಗಲಿಲ್ಲ. ಆದರೆ ಆ ಸುದ್ದಿ ಕೇಳಿದಂದಿನಿಂದ ಮಗನ ಹಟ ಒಂದೇ: "ಅಮ್ಮಾ, ಒಂದು ರಾಟ್‌ವೈಲರ್ ತಂದು ಬಿಡ್ತೇನೆ. ಗೇಟಿನ ಹತ್ತಿರ ಯಾರೂ ಸುಳಿಯುವುದಿಲ್ಲ."

ಯಾರೂ ಸುಳಿಯುವುದಿಲ್ಲ ಎಂಬುದು ಒಂದು ಮನೆಗೆ ಹೇಳುವ ಹೊಗಳಿಕೆಯೋ ಶಾಪವೋ ಎಂದು ನಾನು ಕೇಳಿದೆ. ನಮ್ಮ ವಾದ ಶುರುವಾದದ್ದು ಹಾಗೆ. ಅದು ಇನ್ನೂ ಪೂರ್ತಿ ನಿಂತಿಲ್ಲ.

ಅವನು ಕಳಿಸಿದ ಚಿತ್ರಗಳನ್ನೆಲ್ಲ ನೋಡಿದ್ದೇನೆ, ಓದಿಯೂ ಇದ್ದೇನೆ. ಜರ್ಮನಿಯ ರಾಟ್‌ವೈಲ್ ಎಂಬ ಊರಿನ ಕಟುಕರು ದನ ಅಟ್ಟಿಕೊಂಡು ಹೋಗಲು ಸಾಕುತ್ತಿದ್ದ ನಾಯಿಯಂತೆ ಅದು. ಬೆಳೆದ ಗಂಡು 50 ಕಿಲೋ ತೂಗುತ್ತದೆ. ನನ್ನ ತೂಕಕ್ಕಿಂತ ಸ್ವಲ್ಪವೇ ಕಡಿಮೆ. ಡಾಬರ್‌ಮನ್‌ನ ಹಿನ್ನೆಲೆ ಇನ್ನೂ ಸ್ವಾರಸ್ಯದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಪೋಲ್ಡಾ ಎಂಬ ಊರಿನ ಡಾಬರ್‌ಮನ್ ಎಂಬಾತ ತೆರಿಗೆ ವಸೂಲಿ ಮಾಡುತ್ತಿದ್ದ. ಕಂದಾಯದ ದುಡ್ಡು ಹಿಡಿದು ಓಡಾಡುವಾಗ ಜೊತೆಗಿರಲೆಂದು ಹಲವು ನಾಯಿಗಳನ್ನು ಕೂಡಿಸಿ ಕಟ್ಟಿದ ತಳಿ ಅದು. ಬೇರೆಯವರ ಮನೆಯ ಹಣ ತರುವವನಿಗೆ ಬೇಕಾದ ನಾಯಿ ಅದು ಎಂದು ನನಗೆ ಆಗಲೇ ಅನಿಸಿತ್ತು; ಇರಲಿ, ನಾಯಿಯ ಮೇಲೆ ಅದರ ಮೊದಲ ಯಜಮಾನನ ಕಸುಬನ್ನು ಹೊರಿಸುವುದು ನ್ಯಾಯವಲ್ಲ.

ನನ್ನ ತೊಡಕು ಬೇರೆ. ನಾನು ಮೂವತ್ತು ಚಿಲ್ಲರೆ ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳು. ಜೈನ ಮನೆಯಲ್ಲಿ ಹುಟ್ಟಿ, ನಿವೃತ್ತಿಯಾದ ಮೇಲೆ ಬಸದಿಯಲ್ಲಿ ಅಣುವ್ರತ, ಅಂದರೆ ಗೃಹಸ್ಥರ ಸಣ್ಣ ವ್ರತಗಳನ್ನು ತೆಗೆದುಕೊಂಡವಳು. ಅಹಿಂಸೆಯ ವ್ರತ ಎಂದರೆ ಇರುವೆ ತುಳಿಯದೆ ನಡೆಯುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮ ಶಾಸ್ತ್ರ ಅಲ್ಲಿಗೆ ನಿಲ್ಲುವುದಿಲ್ಲ, ಅದು ಲೆಕ್ಕದ ಶಾಸ್ತ್ರ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಇನ್ನೊಬ್ಬರು ಮಾಡಿದಾಗ ಒಳಗೊಳಗೆ ಒಪ್ಪಿದ್ದು, ಅಂದರೆ ಕೃತ, ಕಾರಿತ, ಅನುಮತ ಎಂದು ಮೂರು. ಇವು ಮನಸ್ಸು, ಮಾತು, ದೇಹ ಎಂಬ ಮೂರು ದಾರಿಯಲ್ಲಿ ನಡೆಯುತ್ತವೆ. ಸಂಕಲ್ಪಿಸುವುದು, ಸಲಕರಣೆ ಹೊಂದಿಸುವುದು, ಆರಂಭಿಸುವುದು ಎಂದು ಮೂರು ಹಂತ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ, ಅಂದರೆ ಮನಸ್ಸಿನ ಕಲ್ಮಷ. ಗುಣಿಸಿದರೆ 108. ಜಪಸರದ ಮಣಿಗಳ ಲೆಕ್ಕಕ್ಕೆ ನಮ್ಮಲ್ಲಿ ಹಿರಿಯರು ಕೊಡುವ ಕಾರಣವೂ ಇದೇ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಈ ಗುಣಾಕಾರ ಇದೆ.

ಈ ಲೆಕ್ಕದಲ್ಲಿ ರಾಟ್‌ವೈಲರನ್ನು ಎಲ್ಲಿಡಬೇಕು? ಕಳ್ಳನ ಮೀನಖಂಡಕ್ಕೆ ಹಲ್ಲು ಊರುವುದು ನಾನಲ್ಲ, ನಾಯಿ. ಕೃತ ಅಲ್ಲ, ಸರಿ. ಆದರೆ ಊರಲಿ ಎಂದೇ ಅದನ್ನು ತಂದಿದ್ದೇನೆ, ಅದಕ್ಕಾಗಿಯೇ ಆ ದವಡೆಯ ಜಾತಿಯನ್ನು ಆರಿಸಿದ್ದೇನೆ, ದುಡ್ಡು ಕೊಟ್ಟಿದ್ದೇನೆ, ಗೇಟಿಗೆ ಫಲಕ ತೂಗಿಸಿದ್ದೇನೆ. ಇದು ಕಾರಿತ. ನಾನು ಒಳಗೆ ನಿದ್ದೆ ಮಾಡುತ್ತಿದ್ದೆ ಎಂಬುದು ವಿನಾಯಿತಿ ಆಗುವುದಿಲ್ಲ. ನಿದ್ದೆ ಮಾಡಬೇಕೆಂದೇ ಅಲ್ಲವೇ ನಾಯಿ ತಂದದ್ದು?

ಸಣ್ಣ ನಾಯಿಯ ಕೆಲಸ ಬೇರೆ ರೀತಿಯದು. ಎಂಟು ಹತ್ತು ಕಿಲೋದ ನಾಯಿ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ. ಅದು ಬೊಗಳುತ್ತದೆ, ಅಷ್ಟೇ. ಬೊಗಳಿ ನನ್ನನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಏನು ಮಾಡಬೇಕು ಎಂಬ ನಿರ್ಧಾರ ನನ್ನ ಕೈಗೇ ಬಂದು ಬೀಳುತ್ತದೆ: ಅಂಗಳದ ದೀಪ ಹಾಕುವುದೋ, 112ಕ್ಕೆ ಫೋನ್ ಮಾಡುವುದೋ, ಯಾರು ಎಂದು ಕಿಟಕಿಯಿಂದ ಕೇಳುವುದೋ, ಸುಮ್ಮನೆ ಬಾಗಿಲ ಅಗುಳಿ ನೋಡಿಕೊಂಡು ಕೂರುವುದೋ. ದೊಡ್ಡ ನಾಯಿ ನನ್ನ ಪರವಾಗಿ ತೀರ್ಪು ಕೊಟ್ಟು ಜಾರಿ ಮಾಡಿಯೇ ಬಿಡುತ್ತದೆ. ಸಣ್ಣ ನಾಯಿ ದೂರು ದಾಖಲಿಸಿ ನನ್ನ ಮುಂದೆ ಇಡುತ್ತದೆ. ಧರ್ಮದ ದೃಷ್ಟಿಯಿಂದ ಇವೆರಡರ ನಡುವಿನ ಅಂತರ ತೂಕದ ಅಂತರಕ್ಕಿಂತ ದೊಡ್ಡದು ಎಂಬುದೇ ನನ್ನ ವಾದ.

ಮಗನೂ ಬಸದಿಯ ಪಾಠಶಾಲೆಯಲ್ಲಿ ಓದಿದವನೇ, ಸುಲಭಕ್ಕೆ ಬಿಡುವವನಲ್ಲ. ಗೃಹಸ್ಥನ ಹಿಂಸೆ ನಾಲ್ಕು ಬಗೆ ಎಂದು ನೆನಪಿಸಿದ. ಅಡುಗೆ ಮಾಡುವಾಗ, ಗುಡಿಸಿ ಸಾರಿಸುವಾಗ ಆಗುವುದು ಆರಂಭೀ, ಕಸುಬಿನಲ್ಲಿ ಆಗುವುದು ಉದ್ಯೋಗೀ, ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ, ಬೇಕೆಂದೇ ಮಾಡುವುದು ಸಂಕಲ್ಪೀ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಕೊನೆಯದನ್ನು ಮಾತ್ರ. "ಹಾಗಿಲ್ಲದಿದ್ದರೆ ಚಾವುಂಡರಾಯ ಗಂಗರ ಸೇನಾಪತಿ ಆಗಿದ್ದುದು ಹೇಗೆ? ಯುದ್ಧವನ್ನೂ ಮಾಡಿದ, ಗೊಮ್ಮಟನನ್ನೂ ನಿಲ್ಲಿಸಿದ."

"ಚಾವುಂಡರಾಯ ತಾನೇ ಕತ್ತಿ ಹಿಡಿದು ಎದುರು ನಿಂತ, ಮಗಾ. ನಾಯಿಯನ್ನು ಛೂ ಬಿಟ್ಟು ಮಲಗಲಿಲ್ಲ."

"ಸೈನ್ಯ ಇತ್ತಲ್ಲ ಅಮ್ಮಾ! ಅವರೆಲ್ಲ ಯಾರ ಪರವಾಗಿ ಕಚ್ಚಿದರು?"

ಒಪ್ಪಬೇಕಾದ ಪ್ರಶ್ನೆ. ಗಂಗರ ಕಾಲದ ಮಾತು ಬಂದದ್ದರಿಂದ ನನಗೆ ಆತಕೂರಿನ ಕಲ್ಲು ನೆನಪಾಯಿತು. ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಆ ಕಥೆ ಹೇಳಿದ್ದೇನೆ. ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹತ್ತನೆಯ ಶತಮಾನದ ನಡುಭಾಗದ್ದು. ಗಂಗ ಬೂತುಗನ ಕಡೆಯ ಮಣಲೇರ ಎಂಬ ವೀರ ಚೋಳರ ಮೇಲಿನ ತಕ್ಕೋಲದ ಕಾಳಗದಲ್ಲಿ ಮೆರೆದ. ಮೆಚ್ಚಿದೆ, ಏನು ಬೇಕೋ ಬೇಡಿಕೋ ಎಂದು ಅರಸ ಹೇಳಿದಾಗ ಅವನು ಊರು ಬೇಡಲಿಲ್ಲ, ಹೊನ್ನು ಬೇಡಲಿಲ್ಲ, ಕಾಳಿ ಎಂಬ ನಾಯಿಯನ್ನು ಬೇಡಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಗೊರವನನ್ನು ನೇಮಿಸಿ, ಅವನಿಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಗೊರವನಿಗೆ ತಟ್ಟುತ್ತದೆ ಎಂಬ ಕಟ್ಟಳೆಯೂ ಇದೆ. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಮಾತು. ವೀರಧರ್ಮವನ್ನು ಅಷ್ಟು ಎತ್ತಿ ಹಿಡಿದ ಆ ಜನರೂ ನಾಯಿಯ ಕೊಲೆಗೆ ಪಾಪದ ಖಾತೆ ಇದೆ, ಅದು ಯಾರದೋ ತಲೆಗೆ ಬರಲೇಬೇಕು ಎಂದು ತಿಳಿದಿದ್ದರು.

ಇನ್ನು ಸೈನ್ಯದ ಪ್ರಶ್ನೆ. ಸೈನಿಕನಿಗೆ ಶರಣು ಬಂದವನು ಯಾರು, ಬೆನ್ನು ತೋರಿಸಿದವನು ಯಾರು ಎಂದು ಹೇಳಿಕೊಡಬಹುದು. ಕೇಳುವುದು ಬಿಡುವುದು ಅವನ ಧರ್ಮ. ನಾಯಿಗೆ ಗೊತ್ತಿರುವುದು ತನ್ನವರು ಮತ್ತು ಹೊರಗಿನವರು ಎಂಬ ಎರಡೇ ಜಾತಿ. ವಿರೋಧೀ ಹಿಂಸೆಗೆ ಮೊದಲು ವಿರೋಧಿ ಬೇಕು. ನಮ್ಮ ಗೇಟಿಗೆ ಬರುವವರನ್ನು ಲೆಕ್ಕ ಹಾಕಿ ನೋಡಿದೆ: ಅಂಚೆಯವನು, ಕರೆಂಟಿನ ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ, ಮದುವೆ ಕಾಗದ ಕೊಡಲು ಬರುವವರು, ಅಡಿಕೆ ಕೀಳುವವನ ಹೆಂಡತಿ, ಬೇಲಿಯ ಬದಿಯ ಕಾಟು ಮಾವಿನ ಹಣ್ಣಿಗೆ ನುಗ್ಗುವ ಶಾಲೆ ಮಕ್ಕಳು. ನನ್ನ ಇಷ್ಟು ವರ್ಷದ ಸಂಸಾರದಲ್ಲಿ ಕಳ್ಳ ಬಂದದ್ದಿಲ್ಲ. ಮಕ್ಕಳು ಪ್ರತಿ ಬೇಸಗೆಯಲ್ಲೂ ಬರುತ್ತಾರೆ. ಐವತ್ತು ಕಿಲೋದ ದವಡೆ ಮೊದಲು ಯಾರ ಮೇಲೆ ಪ್ರಯೋಗವಾದೀತು?

ಈ ನೆಲದ ಕಾನೂನು ಕೂಡ ಹೆಚ್ಚುಕಡಿಮೆ ಕಾರಿತದ ಕಡೆಗೇ ಇದೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, ಐದು ಸಾವಿರದವರೆಗೆ ದಂಡ, ಅಥವಾ ಎರಡೂ ಇವೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ರಾಟ್‌ವೈಲರ್ ಸೇರಿ 23 ತಳಿಗಳನ್ನು ಕ್ರೂರ ತಳಿ ಎಂದು ಕರೆದು ಮಾರಾಟ, ಸಾಕಣೆ ನಿಲ್ಲಿಸಲು ಸುತ್ತೋಲೆ ಹೊರಡಿಸಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ರದ್ದಾದದ್ದು ನನಗೆ ಸರಿಯೇ ಅನಿಸಿತು. ಒಂದು ಇಡೀ ಜಾತಿಯನ್ನು ಕ್ರೂರ ಎಂದು ಬರೆದಿಡುವುದು, ಅದು ಮನುಷ್ಯರದ್ದಾಗಲಿ ನಾಯಿಯದ್ದಾಗಲಿ, ಕರ್ಮಸಿದ್ಧಾಂತ ಒಪ್ಪುವವರ ಮಾತಲ್ಲ. ನನ್ನ ತಕರಾರು ನಾಯಿಯ ಮೇಲೆ ಅಲ್ಲವೇ ಅಲ್ಲ. ನಮ್ಮ ಆಸೆಯ ಮೇಲೆ.

ಗೇಟಿಗೆ ಬರುವವರಲ್ಲಿ ಒಬ್ಬರನ್ನು ಬೇರೆಯಾಗಿ ಹೇಳಬೇಕು. ಮುನಿಗಳು ವಿಹಾರ ಮಾಡುತ್ತ ಈ ಕಡೆ ಬಂದರೆ ಆಹಾರಕ್ಕೆ ನಮ್ಮ ಮನೆಗೂ ಬರುವುದುಂಟು. ದಿಗಂಬರ ಮುನಿ ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಉಣ್ಣುವವರು. ಮೈಮೇಲೆ ನೂಲಿಲ್ಲ, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲ ಬಿಟ್ಟು ಏನಿಲ್ಲ, ಕಣ್ಣು ಮುಂದಿನ ನಾಲ್ಕು ಮೊಳ ನೆಲದ ಮೇಲೆ. ಅವರು ಎದುರಾದಾಗ ನಾವು ಬಾಗಿಲಲ್ಲಿ ನಿಂತು ನಮೋಸ್ತು ಹೇಳಿ ಬರಮಾಡಿಕೊಳ್ಳಬೇಕು. ಆಹಾರಕ್ಕೆ ಹೊರಟಾಗ ಇಂತಿಂಥದ್ದು ನಡೆದರೆ ಅಂದು ಉಣ್ಣದೆ ಹಿಂತಿರುಗಬೇಕು ಎಂಬ 32 ಅಂತರಾಯಗಳ ಪಟ್ಟಿ ಮೂಲಾಚಾರದಲ್ಲಿದೆ. ನಾಯಿ ಮೊದಲಾದವು ಕಚ್ಚುವುದು ಅವುಗಳಲ್ಲಿ ಒಂದು. ಎರಡು ಸಾವಿರ ವರ್ಷದ ಆಸುಪಾಸಿನ ಹಿರಿಯರೂ ಗೃಹಸ್ಥರ ಗೇಟುಗಳನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು ಎಂದಾಯಿತು! ಅತಿಥಿಗೆ ಪಾಲು ಕೊಡುವುದನ್ನೂ ವ್ರತವಾಗಿ ತೆಗೆದುಕೊಂಡವಳು ನಾನು. ಆ ವ್ರತ ನಡೆಯಬೇಕಾದ ಬಾಗಿಲಲ್ಲೇ ಅಂತರಾಯವನ್ನು ಸರಪಳಿಯಲ್ಲಿ ಕಟ್ಟಿ ಇಡುವುದು ಹೇಗೆ?

ನಮ್ಮ ಅಡಿಕೆ ಕೊಳ್ಳುವ ಬ್ಯಾರಿಗಳ, ಅಂದರೆ ಕರಾವಳಿಯ ಮುಸ್ಲಿಂ ವ್ಯಾಪಾರಿಯ, ಹತ್ತಿರ ಈ ಮಾತು ಬಂತು. ಅವರು ನನ್ನ ಗಂಡನ ಕಾಲದಿಂದ ಬರುವವರು. ಯಾರ ಮನೆಗೆ ಹೋದರೂ ಗೇಟಿನಾಚೆಯೇ ಸ್ಕೂಟರ್ ನಿಲ್ಲಿಸಿ "ಅಕ್ಕಾ, ನಾಯಿ ಉಂಟಾ?" ಎಂದು ಕೇಳಿಯೇ ಒಳಗೆ ಬರುತ್ತಾರೆ. ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ಇಲ್ಲದಿದ್ದರೆ ನಮಾಜಿಗೆ ಆಗುವುದಿಲ್ಲ. ಹಾಗಾದರೆ ನಿಮ್ಮಲ್ಲಿ ನಾಯಿ ಸಾಕುವುದೇ ತಪ್ಪಾ ಎಂದು ಕೇಳಿದೆ. ಬೇಟೆಗೆ, ಕುರಿ ದನ ಕಾಯಲು, ಬೆಳೆ ಕಾಯಲು ಸಾಕಬಹುದು, ಸುಮ್ಮನೆ ಸಾಕಬಾರದು ಎಂದರು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದ್ದಕ್ಕೇ ಪಾಪ ಕ್ಷಮೆಯಾದ ಹೆಂಗಸಿನ ಹದೀಸನ್ನೂ, ಗುಹೆಯಲ್ಲಿ ಮಲಗಿದ ಯುವಕರ ಹೊಸಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿ ಕುರ್‌ಆನಿನಲ್ಲಿ ಬರುವುದನ್ನೂ ಹೇಳಿದರು. ಅವಶ್ಯಕತೆ ಎಷ್ಟೋ ಅಷ್ಟೇ ಅನುಮತಿ: ಅವರ ಮಾತಿನ ಸಾರ ನನಗೆ ತಿಳಿದದ್ದು ಹೀಗೆ. ಅಶುದ್ಧಿಯ ವಿಚಾರದಲ್ಲಿ ನಮ್ಮ ದಾರಿಗಳು ಬೇರೆ. ಆದರೆ ನಾಯಿಯನ್ನು ತರುವ ಮೊದಲು ಯಾಕೆ ಎಂದು ಕೇಳಿಕೊಳ್ಳಬೇಕು ಎಂಬಲ್ಲಿ ಅವರೂ ನಾನೂ ಒಂದೇ ಕಟ್ಟೆಯ ಮೇಲೆ ಕೂತಿದ್ದೆವು.

ಟಿಬೆಟಿನ ಬೌದ್ಧ ಮಠಗಳು ಈ ಪ್ರಶ್ನೆಯನ್ನು ಎರಡೂ ನಾಯಿ ಸಾಕಿ ಬಗೆಹರಿಸಿದ್ದವು. ಹೊರಗೆ ಹೆಬ್ಬಾಗಿಲಲ್ಲಿ ಸರಪಳಿ ಹಾಕಿದ ಭಾರೀ ಮಾಸ್ಟಿಫ್, ಒಳಗೆ ಮೊಳಕಾಲೆತ್ತರವೂ ಇಲ್ಲದ, ಕಣ್ಣು ಮುಚ್ಚುವಷ್ಟು ಕೂದಲಿನ ಲಾಸಾ ಆಪ್ಸೊ. ಸಣ್ಣದು ಸದ್ದು ಹಿಡಿದು ಬೊಗಳುವುದು, ದೊಡ್ಡದು ಮುಂದಿನದನ್ನು ನೋಡಿಕೊಳ್ಳುವುದು. ಟಿಬೆಟಿನವರು ನೆಲೆಸಿರುವ ಬೈಲುಕುಪ್ಪೆಗೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗ ಅಲ್ಲಿನ ಕೆಂಪು ವಸ್ತ್ರದ ಭಿಕ್ಷುಗಳ ನಡುವೆ ಬಿಸಿಲಿಗೆ ಬಿದ್ದುಕೊಂಡಿದ್ದ ಊರ ನಾಯಿಗಳನ್ನು ಮಾತ್ರ ಕಂಡೆ. ಅವು ಯಾರನ್ನೂ ಕಾಯುತ್ತಿರಲಿಲ್ಲ. ಕರುಣೆಯೇ ಮೂಲ ಎನ್ನುವ ಮಠವೂ ಬಾಗಿಲಲ್ಲಿ ಮಾಸ್ಟಿಫನ್ನು ಕಟ್ಟಿತ್ತು ಎಂಬುದು ಮಗನ ವಾದಕ್ಕೆ ಬಲ ಕೊಡುತ್ತದೆ, ಮುಚ್ಚಿಡುವುದಿಲ್ಲ. ಆದರೆ ಟಿಬೆಟಿನಲ್ಲಿ ತೋಳಗಳಿದ್ದವು, ದರೋಡೆಯವರಿದ್ದರು, ಮಠದಲ್ಲಿ ಬಂಗಾರವಿತ್ತು. ನನ್ನ ಮನೆಯಲ್ಲಿ ಇರುವುದು ಅಡಿಕೆ.

ಇಲ್ಲಿಯವರೆಗೆ ಕಚ್ಚಿಸಿಕೊಳ್ಳುವವನ ಮಾತಾಯಿತು. ಕಚ್ಚುವವನ ಮಾತು? ನಮ್ಮಲ್ಲಿ ನಾಯಿ ಐದು ಇಂದ್ರಿಯವೂ ಮನಸ್ಸೂ ಇರುವ ಜೀವ. ಅಂಥ ಪ್ರಾಣಿ ಅಣುವ್ರತದ ಮಟ್ಟಕ್ಕೂ ಏರಬಲ್ಲದು ಎಂದು ಸಿದ್ಧಾಂತವೇ ಹೇಳುತ್ತದೆ. ಸಮಂತಭದ್ರರ ರತ್ನಕರಂಡಕದಲ್ಲಿ ಧರ್ಮದಿಂದ ನಾಯಿಯೂ ದೇವನಾಗುತ್ತದೆ, ಪಾಪದಿಂದ ದೇವನೂ ನಾಯಿಯಾಗುತ್ತಾನೆ ಎಂಬ ಅರ್ಥದ ಮಾತಿದೆ. ಜೀವಂಧರನ ಕಥೆ ಇದಕ್ಕೆ ಉದಾಹರಣೆ: ಹೋಮದ ಹವಿಸ್ಸಿಗೆ ಬಾಯಿ ಹಾಕಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರ ಪಂಚನಮಸ್ಕಾರ ಮಂತ್ರ ಹೇಳಿದ, ಅದು ಸುದರ್ಶನ ಎಂಬ ಯಕ್ಷನಾಗಿ ಹುಟ್ಟಿ ಅವನಿಗೆ ಕಷ್ಟದಲ್ಲೆಲ್ಲ ಒದಗಿತು. ಧರ್ಮರಾಯನ ಹಿಂದೆ ಹೋದ ನಾಯಿಯನ್ನು ಎಲ್ಲರೂ ನೆನೆಯುತ್ತಾರೆ, ನಮ್ಮ ಈ ಬಡ ನಾಯಿ ಅಷ್ಟು ಪ್ರಸಿದ್ಧವಲ್ಲ. ಹೀಗೆ ಮೇಲೇರಬಲ್ಲ ಜೀವವನ್ನು ತಂದು, ಅಪರಿಚಿತರನ್ನು ಕಂಡರೆ ಸಿಟ್ಟಾಗು ಎಂದು ತಿಂಗಳುಗಟ್ಟಲೆ ಕಲಿಸಿದರೆ, ಅದರ ಕ್ರೋಧವನ್ನು ಬೆಳೆಸಿ ನನ್ನ ಸೊತ್ತು ಕಾಯಿಸಿಕೊಂಡಂತೆ. ಆ ಜೀವ ಕಟ್ಟಿಕೊಳ್ಳುವ ಕರ್ಮದ ಬುತ್ತಿ ನನ್ನ ಅಡಿಕೆಗಾಗಿ. ಕತ್ತಿ, ವಿಷ, ಬೆಂಕಿ, ಸರಪಳಿಗಳನ್ನು ಇನ್ನೊಬ್ಬರ ಕೈಗೆ ಒದಗಿಸುವುದನ್ನು ಹಿಂಸಾದಾನ ಎಂದು ಶ್ರಾವಕರಿಗೆ ನಿಷೇಧಿಸಿದ್ದಾರೆ. ನಾಯಿಗೆ ಸಿಟ್ಟು ಒದಗಿಸುವುದನ್ನೂ ನಾನು ಅದೇ ಸಾಲಿಗೆ ಸೇರಿಸುತ್ತೇನೆ. ಇದು ನನ್ನ ಸೇರ್ಪಡೆ, ಪಂಡಿತರು ಒಪ್ಪದಿದ್ದರೆ ತಿದ್ದಲಿ.

ಪ್ರಾಣಿಗಳನ್ನು ಸಾಕುವವನು ಜಾರಬಹುದಾದ ಐದು ಜಾಗಗಳನ್ನು ಅಹಿಂಸಾಣುವ್ರತದ ಅತಿಚಾರ ಎಂದು ಹೆಸರಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿ ಮೀರಿ ಹೇರುವುದು, ಅನ್ನ ನೀರು ತಡೆಯುವುದು. ದನಕರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅಂದುಕೊಂಡಿದ್ದೆ. ಕಾವಲು ನಾಯಿಗಳ ವಿಚಾರ ತಿಳಿಯುತ್ತ ಹೋದ ಹಾಗೆ ಇವುಗಳಿಗಾಗಿಯೇ ಬರೆದಂತಿದೆ ಅನಿಸಿತು. ಡಾಬರ್‌ಮನ್‌ಗೆ ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ರಾಟ್‌ವೈಲರಿನ ಬಾಲವನ್ನು ಮರಿಯಿದ್ದಾಗಲೇ ತೆಗೆಯುತ್ತಾರೆ. ಯಾಕೆ? ನೋಡಿದವರು ಹೆದರಲಿ ಎಂದು, ಲಕ್ಷಣ ಎಂದು. ಈ ತಳಿಗಳು ಹುಟ್ಟಿದ ಜರ್ಮನಿಯೇ ಇದನ್ನು ನಿಷೇಧಿಸಿದೆ, ನಮ್ಮಲ್ಲಿ ಬಾಲವಿಲ್ಲದ ಮರಿಗೆ ಇನ್ನೂ ಗಿರಾಕಿ ಇದ್ದಾರೆ. ಹಸಿದ ನಾಯಿಯೇ ಚುರುಕು ಎಂದು ರಾತ್ರಿಯ ಅನ್ನ ಕಡಿಮೆ ಮಾಡುವವರನ್ನು ನಮ್ಮ ಊರಲ್ಲೇ ಕಂಡಿದ್ದೇನೆ. ಸರಪಳಿಯಂತೂ ದೊಡ್ಡ ನಾಯಿಯ ಜೊತೆಗೇ ಬರುವ ವಸ್ತು. ಯಾರು ಬಂದಾರೋ ಎಂಬ ಹೆದರಿಕೆಯಿಂದ ಹಗಲಿಡೀ ಕಟ್ಟಲೇಬೇಕು. ಕಟ್ಟಿದಷ್ಟೂ ಅದು ಕೆರಳುತ್ತದೆ. ಕೆರಳಿದಷ್ಟೂ ಬಿಡಲು ಹೆದರಿಕೆ. ಕಟ್ಟುವುದಾದರೆ ಬೆಂಕಿ ಬಿದ್ದಾಗ ಪ್ರಾಣಿ ತಾನಾಗಿ ಬಿಡಿಸಿಕೊಂಡು ಓಡುವಷ್ಟು ಸಡಿಲವಾಗಿ ಕಟ್ಟಬೇಕು ಎಂದು ಹಳೆಯ ಶ್ರಾವಕಾಚಾರದ ಬರೆಹಗಾರರು ಹೇಳಿದ್ದಾರೆ. ರಾಟ್‌ವೈಲರಿಗೆ ಹಾಗೆ ಕಟ್ಟಿದರೆ ಕಟ್ಟಿದಂತಾಗುವುದಿಲ್ಲ.

ಊಟದ ಪ್ರಶ್ನೆಯೂ ಇದೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಅನ್ನ, ಹಾಲು, ಬೇಯಿಸಿದ ಬೇಳೆಯಲ್ಲಿ ಊರ ನಾಯಿ ಚೆನ್ನಾಗಿಯೇ ಬದುಕುತ್ತದೆ. ಮನುಷ್ಯರ ಜೊತೆ ಸಾವಿರಾರು ವರ್ಷ ಇದ್ದು ತೋಳಕ್ಕಿಂತ ಚೆನ್ನಾಗಿ ಪಿಷ್ಟ ಅರಗಿಸಲು ಅದರ ಹೊಟ್ಟೆ ಕಲಿತಿದೆ. ಅದೇ ಅನ್ನದಲ್ಲಿ 50 ಕಿಲೋದ ದೇಹವನ್ನು ಗಟ್ಟಿಯಾಗಿ ಬೆಳೆಸುತ್ತೇನೆ ಎಂದರೆ ಅನ್ನ ತಡೆದ ಅತಿಚಾರದ ಅಂಚಿಗೆ ಬರುತ್ತೇನೆ. ಮಾಂಸ ತರಿಸಿ ಹಾಕಿದರೆ ಇನ್ನೊಂದು ಕಾರಿತ.

ಸಣ್ಣ ನಾಯಿ ತಂದರೆ ಎಲ್ಲ ಶುದ್ಧವಾಯಿತೇ? ಹಾಗೆಂದು ಹೇಳಿದರೆ ಈ ತೋಟದ ಬದುಕೇ ನನ್ನನ್ನು ನೋಡಿ ನಕ್ಕೀತು. ನಮ್ಮ ಕಡೆ ಚಿರತೆಗೆ ಅಂಗಳದ ನಾಯಿಯೇ ಸುಲಭದ ಊಟ. ಮಳೆಗಾಲದಲ್ಲಿ ನಾಗರ ಹಾವಿನ ಎದುರು ಕುಣಿದು ಸತ್ತ ಸಣ್ಣ ನಾಯಿಗಳ ಲೆಕ್ಕವಿಲ್ಲ. ರಾತ್ರಿ ಹೊರಗೆ ಬಿಟ್ಟು ಬೊಗಳಲಿ ಎಂದರೆ ನನ್ನ ಕಿವಿಯ ಬದಲು ಅದರ ಕುತ್ತಿಗೆಯನ್ನು ಒತ್ತೆ ಇಟ್ಟಂತೆ. ಅದೂ ಹಿಂಸೆಯೇ, ಪ್ರಮಾದದ ಹಿಂಸೆ. ಎಚ್ಚರಗೇಡಿತನದಿಂದ ಹೋದ ಪ್ರಾಣಕ್ಕೂ ನಮ್ಮಲ್ಲಿ ಲೆಕ್ಕ ಇದೆ. ಮಗ ರಾಜಿಗೆ ಬಂದು ಡ್ಯಾಶ್‌ಹುಂಡ್ ಸೂಚಿಸಿದ: ಉದ್ದ ಬೆನ್ನು, ಗೇಣು ಕಾಲು, ದೇಹಕ್ಕೆ ಮೀರಿದ ದಪ್ಪ ದನಿ. ಬಿಲಕ್ಕೆ ನುಗ್ಗಿ ಬ್ಯಾಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಮನುಷ್ಯ ಅದರ ಕಾಲನ್ನು ಹಾಗೆ ಗಿಡ್ಡ ಮಾಡಿದ್ದಾನೆ. ಅದರ ಫಲವಾಗಿ ಬೆನ್ನುಮೂಳೆಯ ಬಿಲ್ಲೆಗಳು ಜಾರಿ ಹಿಂಗಾಲು ಬೀಳುವ ಕಾಯಿಲೆ ಆ ತಳಿಗೆ ಅಂಟಿಕೊಂಡಿದೆ. ಮೆಟ್ಟಿಲು ಹತ್ತಿಳಿಯುವುದು ಅದಕ್ಕೆ ಒಳ್ಳೆಯದಲ್ಲ. ನಮ್ಮ ಮನೆಯ ಜಗಲಿಗೆ ಐದು ಮೆಟ್ಟಿಲು. ಲಾಸಾ ಆಪ್ಸೊದ ಕೂದಲು ನಮ್ಮ ಸೆಕೆಗೆ, ಉಣ್ಣಿಗೆ ಹೇಳಿದ್ದಲ್ಲ.

ತೋಟಕ್ಕೆ ಈಗೀಗ ನವಿಲುಗಳೂ ಬರುತ್ತಿವೆ. ಸಣ್ಣ ನಾಯಿ ಅವುಗಳ ಹಿಂದೆ ಓಡದೆ ಇರುವುದಿಲ್ಲ. ನವಿಲನ್ನು ಅಟ್ಟುವ ನಾಯಿ ಎಂದರೆ ಜನ್ನನ ಯಶೋಧರ ಚರಿತೆ ಓದಿಸಿದ ಯಾವ ಕನ್ನಡ ಮೇಷ್ಟರಿಗೂ ಮೈ ಜುಮ್ಮೆನ್ನುತ್ತದೆ. 1209ರ ಕಾವ್ಯ. ತಾಯಿಯ ಮಾತಿಗೆ ಕಟ್ಟುಬಿದ್ದ ಅರಸ ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ರಕ್ತ ಹರಿಯಲಿಲ್ಲ, ಸಂಕಲ್ಪ ಮಾತ್ರ ಇತ್ತು. ಅಷ್ಟಕ್ಕೇ ಮುಂದಿನ ಜನ್ಮದಲ್ಲಿ ಮಗ ನವಿಲು, ತಾಯಿ ನಾಯಿ. ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಕಚ್ಚಿಸಬೇಕೆಂಬ ಸಂಕಲ್ಪದಿಂದ ತಂದ ನಾಯಿ ಒಂದು ದಿನವೂ ಕಚ್ಚದೆ ಮುದಿಯಾಗಿ ಸತ್ತರೂ ನನ್ನ ಖಾತೆ ಖಾಲಿ ಇರುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹಾಗೆಯೇ, ಅಟ್ಟಲಿ ಎಂದು ತರದ ನಾಯಿ ನವಿಲಿನ ಹಿಂದೆ ಓಡಿದರೆ ಅದನ್ನು ಕರೆದು ನಿಲ್ಲಿಸುವ ಕೆಲಸ ನನ್ನದು. ಆ ಕೆಲಸ ನನ್ನ ಕಾಲಿನ ಅಳತೆಯದು, ನನ್ನ ದನಿಗೆ ಸಿಗುವಂಥದ್ದು. 50 ಕಿಲೋ ಓಡಿದರೆ ನಾನು ಹಿಡಿಯಲಾರೆ.

ಹಾಗಾದರೆ ಕತ್ತಿ ಹಿಡಿದೇ ಬಂದವನನ್ನು ಏನು ಮಾಡುತ್ತೀ ಎಂದು ಮಗ ಕೇಳುತ್ತಾನೆ. ಸಣ್ಣ ನಾಯಿ ಅವನನ್ನು ತಡೆಯುವುದಿಲ್ಲ, ನಿಜ. ಬಾಗಿಲು ಗಟ್ಟಿ ಮಾಡಿಸಿದ್ದೇನೆ, ಅಂಗಳಕ್ಕೆ ದೀಪ ಹಾಕಿಸಿದ್ದೇನೆ, ಫೋನು ತಲೆದಿಂಬಿನ ಹತ್ತಿರ ಇದೆ. ಉಳಿದ ಅಪಾಯವನ್ನು ನಾನು ಒಪ್ಪಿಕೊಂಡಿದ್ದೇನೆ. ವ್ರತ ಎಂದರೆ ಅಷ್ಟಾದರೂ ಬೆಲೆ ಇರಬೇಡವೇ? ಜೊತೆಗೆ ಇನ್ನೊಂದು ಮಾಡಿದ್ದೇನೆ. ಬೆಲೆ ಏರೀತು ಎಂದು ಚಾಲಿ ಅಡಿಕೆಯನ್ನು ವರ್ಷಗಟ್ಟಲೆ ಉಪ್ಪರಿಗೆಯಲ್ಲಿ ಪೇರಿಸಿಡುವುದು ನಮ್ಮ ಕಡೆಯ ರೂಢಿ. ಅದನ್ನು ಬಿಟ್ಟೆ. ಸುಲಿದದ್ದನ್ನು ಸುಲಿದ ಹಾಗೆ ಕೊಟ್ಟುಬಿಡುತ್ತೇನೆ. ಅಹಿಂಸೆಯ ಪ್ರಶ್ನೆ ಅಂದುಕೊಂಡು ಶುರು ಮಾಡಿದ್ದು ಪರಿಗ್ರಹದ ಪ್ರಶ್ನೆಯಾಗಿ ಹೊರಟಿತು. ಮನೆಯಲ್ಲಿ ಎಷ್ಟು ಸೊತ್ತು ಪೇರಿಸುತ್ತೇವೋ ನಾಯಿ ಅಷ್ಟು ದೊಡ್ಡದಾಗಬೇಕಾಗುತ್ತದೆ. ಸೊತ್ತಿಗೆ ಮಿತಿ ಹಾಕಿಕೊಳ್ಳಿ ಎಂದು ಐದನೆಯ ಅಣುವ್ರತ ಹೇಳುವುದನ್ನು ನಾನು ಜಿಪುಣತನದ ವಿರುದ್ಧದ ಮಾತು ಎಂದಷ್ಟೇ ಓದಿದ್ದೆ.

ಹಾಗಾಗಿ ಸಣ್ಣ ನಾಯಿಯೇ. ಕಾಗದಪತ್ರದ ತಳಿ ಬೇಡ. ಅಡಿಕೆ ಕೀಳುವವನ ಮನೆಯ ಗಿಡ್ಡ ಜಾತಿಯ ಹೆಣ್ಣು ನಾಯಿ ಮರಿ ಹಾಕಿದೆ, ಅದರಲ್ಲಿ ಒಂದು ತಾಯಿ ಹಾಲು ಬಿಟ್ಟ ಮೇಲೆ ಬರುತ್ತದೆ. ರಾತ್ರಿ ಅದು ಜಗಲಿಯ ಮೇಲೆ ಕಬ್ಬಿಣದ ಜಾಲರಿಯ ಗೂಡಿನಲ್ಲಿ ಮಲಗಲಿ, ಅಲ್ಲಿಂದಲೇ ಬೊಗಳಲಿ. ದೊಡ್ಡ ನಾಯಿಯೇ ಬೇಕು ಎನ್ನುವವರೊಡನೆ ನನಗೆ ಜಗಳವಿಲ್ಲ; ಒಂಟಿ ಮನೆಯ ಹೆದರಿಕೆ ಎಂಥದ್ದು ಎಂದು ನನಗೆ ಗೊತ್ತು. ಅವರಲ್ಲಿ ಕೇಳುವುದು ಇಷ್ಟೇ. ಬಾಲ ಕಿವಿ ಕತ್ತರಿಸಿದ ಮರಿಯನ್ನು ಕೊಳ್ಳಬೇಡಿ. ಹಗಲು ಅದಕ್ಕೆ ಓಡಾಡಲು ಬೇಲಿ ಹಾಕಿದ ಜಾಗ ಕೊಡಿ. ರಾತ್ರಿಯ ಅನ್ನ ಕಡಿಮೆ ಮಾಡಬೇಡಿ. ಮೂರು ತಿಂಗಳು ತುಂಬುತ್ತಲೇ ರೇಬೀಸ್ ಚುಚ್ಚುಮದ್ದು ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದ ಹಾಗೆ ತಪ್ಪದೆ ಹಾಕಿಸುತ್ತಿರಿ. ಅದು ಯಾರನ್ನಾದರೂ ಕಚ್ಚಿದರೆ, ನಾಯಿ ಕಚ್ಚಿತು ಎನ್ನಬೇಡಿ. ಗಾಯಗೊಂಡವರನ್ನು ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ.